ಕನ್ನಡ ಟೈಪಿಸಲು ಬಾರದ ಕಂಪ್ಯೂಟರ್ ಸರ್ಟಿಫಿಕೇಟು ಯಾವ ಪುರುಷಾರ್ಥಕ್ಕೆ?



ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ಬಂತು. ಅದಕ್ಕಾಗಿ ಬೀದಿಗಿಳಿದವರು, ಜೈಲು ಸೇರಿದವರು ನಮ್ಮ ಹುಡುಗರೇ. ಸಂತೋಷ. ಆದರೆ ಆ ಬೋರ್ಡಿನ ಹಿಂದೆ, ಮೇಜಿನ ಮೇಲೆ ಕೂತಿರುವ ಕಂಪ್ಯೂಟರಿನೊಳಗೆ ಶೇಕಡಾ ಎಷ್ಟು ಕನ್ನಡವಿದೆ? ಆ ಕಂಪ್ಯೂಟರನ್ನು ನಿಮ್ಮ ಮಕ್ಕಳಿಗೆ ಕಲಿಸುತ್ತೇವೆಂದು ಹಣ ಕಟ್ಟಿಸಿಕೊಳ್ಳುವ ಕಾಲೇಜುಗಳ ಆನ್‌ಲೈನ್ ಪಾಠದಲ್ಲಿ ಶೇಕಡಾ ಎಷ್ಟು ಕನ್ನಡವಿದೆ? ನಾವು ನೋಡಿ ಬಂದಿದ್ದೇವೆ, ಹೇಳುತ್ತೇವೆ ಕೇಳಿ: ಸೊನ್ನೆ!

ಇದೇನು ಮಹಾ ವಿಷಯ ಎಂದು ಕೆಲವರು ಮೂಗು ಮುರಿಯಬಹುದು. ಕಾವೇರಿಯ ಪ್ರಶ್ನೆಯಲ್ಲ, ಗಡಿಯ ಪ್ರಶ್ನೆಯಲ್ಲ. ವರ್ಡ್ ಪ್ರೊಸೆಸಿಂಗ್ ಎಂಬ ಒಂದು ಸಣ್ಣ ಕೋರ್ಸು. ಪತ್ರ ಟೈಪು ಮಾಡುವುದು, ತಿದ್ದುವುದು, ಅಂದವಾಗಿ ಜೋಡಿಸುವುದು, ಅಚ್ಚು ತೆಗೆಯುವುದು, ಇಷ್ಟೇ. ಆದರೆ ನೆನಪಿರಲಿ, 1986ರ ಸರೋಜಿನಿ ಮಹಿಷಿ ವರದಿ ಕೇಳಿದ್ದು ಕನ್ನಡಿಗನಿಗೆ ಕೆಲಸ. ಇವತ್ತು ಗ್ರಾಮ ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರನಿಂದ ಹಿಡಿದು ವಕೀಲರ ಕಚೇರಿಯ ಟೈಪಿಸ್ಟಿನವರೆಗೆ ಆ ಕೆಲಸದ ಮೊದಲ ಮೆಟ್ಟಿಲೇ ಈ ಸಣ್ಣ ಕೋರ್ಸು. ಮೊದಲ ಮೆಟ್ಟಿಲಲ್ಲೇ ಕನ್ನಡವನ್ನು ಕಿತ್ತು ಬಿಸಾಡಿದರೆ ಮೇಲಿನ ಮಹಡಿಯಲ್ಲಿ ಕನ್ನಡವನ್ನು ಹುಡುಕುವುದೆಲ್ಲಿ?

ಹಣ ಕಟ್ಟಿ ಸೇರಿ ನೋಡಿದೆವು

2020ರಲ್ಲಿ ಕೊರೊನಾ ಬಂದು ಕಾಲೇಜುಗಳ ಬಾಗಿಲು ಮುಚ್ಚಿತು. ಪಾಠಗಳೆಲ್ಲ ಮೊಬೈಲಿಗೆ, ಕಂಪ್ಯೂಟರಿಗೆ ಬಂದವು. ರೋಗ ಹೋಯಿತು, ಆನ್‌ಲೈನ್ ಕೋರ್ಸು ಉಳಿಯಿತು. ಇದು ಬರೀ ಶೋಕಿಯ ಕಲಿಕೆಯೂ ಅಲ್ಲ. ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಪಾಠಗಳಿಂದ ಶೇಕಡಾ 20ರಷ್ಟು ಅಂಕಗಳಿಕೆಯನ್ನು ಪದವಿಗೆ ಸೇರಿಸಿಕೊಳ್ಳಬಹುದೆಂದು ಯುಜಿಸಿ 2016ರಲ್ಲಿ ಒಪ್ಪಿತು. 2021ರಲ್ಲಿ ಅದನ್ನು ಶೇಕಡಾ 40ಕ್ಕೆ ಏರಿಸಿತು. ಆನ್‌ಲೈನ್ ಪಾಠ ಈಗ ಪದವಿಯ ಒಂದು ಭಾಗ. ಅದರೊಳಗೆ ಏನಿದೆ ಎಂದು ಕೇಳುವ ಹಕ್ಕು ನಮಗಿದೆ.

ಹಾಗೆಂದೇ ನಾವು ಹಣ ಕಟ್ಟಿ ನಮ್ಮದೇ ನಾಡಿನ ಒಂದು ಕಾಲೇಜಿನ 'ಪ್ರಾಥಮಿಕ ವರ್ಡ್ ಪ್ರೊಸೆಸಿಂಗ್' ಕೋರ್ಸಿಗೆ ಹೆಸರು ಹಚ್ಚಿದೆವು. ಕಾಲೇಜಿನ ಹೆಸರು ಬರೆಯುವುದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರೆಲ್ಲ ಸಾಚಾ ಎಂದಂತಾಗುತ್ತದೆ! ಪಾಠ ಹೇಳುವವರು ಕನ್ನಡಿಗರೇ. ಕಲಿಯಲು ಕೂತವರೂ ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಹುಡುಗ ಹುಡುಗಿಯರು. ನಡುವೆ ಇಂಗ್ಲಿಷಿನ ಗೋಡೆ.

ಪಾಠ ಹೇಗಿತ್ತು? ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವುದು ಹೇಗೆ, ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವುದು ಹೇಗೆ ಎಂದು ಒಂದು ಗಂಟೆ. ಕನ್ನಡದಲ್ಲಿ ಸಣ್ಣಕ್ಷರ ದೊಡ್ಡಕ್ಷರವೆಂಬ ಭೇದವೇ ಇಲ್ಲ! ಆದರೆ ಕನ್ನಡದಲ್ಲಿರುವ ಒತ್ತಕ್ಷರವನ್ನು ಮೂಡಿಸುವುದು ಹೇಗೆ ಎಂದು ಒಂದು ನಿಮಿಷದ ಪಾಠವೂ ಇಲ್ಲ. ಕಾಗದದ ಅಳತೆಯ ಪಾಠದಲ್ಲಿ ಅಮೆರಿಕದಲ್ಲಿ ನಡೆಯುವ ಎಂಟೂವರೆ ಹನ್ನೊಂದು ಅಂಗುಲದ 'ಲೆಟರ್' ಹಾಳೆ ಇಟ್ಟು ತೋರಿಸಿದರು. ನಮ್ಮ ಯಾವ ಕಚೇರಿಯಲ್ಲಿ ಸ್ವಾಮಿ ಆ ಹಾಳೆ ಇದೆ? ಇಲ್ಲಿ ನಡೆಯುವುದು ಎ4. ಎಲ್ಲಿಂದಲೋ ತಂದ ಪಾಠವನ್ನು ಬಿಚ್ಚಿಯೂ ನೋಡದೆ ಬಡಿಸಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆಗೆ ಒಂದು ಪತ್ರ ಬರೆದು ಕಳಿಸಿ ಎಂದರು. ನಾವು ತಹಶೀಲ್ದಾರರಿಗೆ ಅಚ್ಚ ಕನ್ನಡದಲ್ಲಿ ಒಂದು ಅರ್ಜಿ ಟೈಪು ಮಾಡಿ, ಹೇಳಿದಂತೆಯೇ ಅಂಚು ಬಿಟ್ಟು, ಕೋಷ್ಟಕ ಹಾಕಿ, ಪುಟಸಂಖ್ಯೆ ಕೊಟ್ಟು ಕಳಿಸಿದೆವು. ಅಂಕ ಸೊನ್ನೆ. ಕಾರಣ ಕೇಳಿದರೆ, ಇಂಗ್ಲಿಷಿನಲ್ಲಿ ಕಳಿಸಿದರೆ ಮಾತ್ರ ನೋಡುತ್ತೇವೆ ಎಂಬ ಉತ್ತರ, ಅದೂ ಇಂಗ್ಲಿಷಿನಲ್ಲಿ! ಕರ್ನಾಟಕದ ಕಾಲೇಜು, ಕರ್ನಾಟಕದ ತಹಶೀಲ್ದಾರ, ಕರ್ನಾಟಕದ ಆಡಳಿತ ಭಾಷೆಯಲ್ಲಿ ಬರೆದ ಅರ್ಜಿ. ಅದಕ್ಕೆ ಅಂಕ ಸೊನ್ನೆ. 1963ರಲ್ಲಿ ಆಡಳಿತ ಭಾಷಾ ಅಧಿನಿಯಮ ಬಂದ ನಾಡಿನಲ್ಲಿ ಇದು ನಡೆಯುತ್ತಿದೆ. ನಾಚಿಕೆಯಾಗಬೇಕು!

'ಭಾಷೆ ಯಾವುದಾದರೇನು' ಎಂಬ ಸುಳ್ಳು

ಪ್ರಾಂಶುಪಾಲರು ಹೇಳುವ ಮಾತು ನಮಗೆ ಗೊತ್ತು. "ದಪ್ಪಕ್ಷರ ಯಾವ ಭಾಷೆಯಲ್ಲಾದರೂ ದಪ್ಪಕ್ಷರವೇ. ಇಂಗ್ಲಿಷಿನಲ್ಲಿ ಕಲಿತವನು ಕನ್ನಡದಲ್ಲಿ ತಾನಾಗಿ ಮಾಡಿಕೊಳ್ಳುತ್ತಾನೆ." ಇದು ಕಂಪ್ಯೂಟರಿನಲ್ಲಿ ಒಂದು ಪುಟ ಕನ್ನಡವನ್ನೂ ಟೈಪು ಮಾಡದವರು ಆಡುವ ಮಾತು. ಒಂದೊಂದಾಗಿ ನೋಡಿ.

ಇಂಗ್ಲಿಷಿನ ಪಾಠದಲ್ಲಿ ಬರಹವನ್ನೆಲ್ಲ ಆರಿಸಿ ಅಕ್ಷರಶೈಲಿಯನ್ನು 'ಟೈಮ್ಸ್ ನ್ಯೂ ರೋಮನ್' ಮಾಡಿ ಎಂದು ಕಲಿಸುತ್ತಾರೆ. ಕನ್ನಡದ ಬರಹಕ್ಕೆ ಹಾಗೆ ಮಾಡಿದರೆ ಏನೂ ಆಗುವುದಿಲ್ಲ, ಏಕೆಂದರೆ ಆ ಶೈಲಿಯಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಕನ್ನಡಕ್ಕೆ ತುಂಗಾ, ನಿರ್ಮಲಾ ಮುಂತಾದ ಬೇರೆ ಅಕ್ಷರಶೈಲಿ ಬೇಕು. ಭಾರತೀಯ ಲಿಪಿಗಳಿಗೆ ಬೇರೆಯಾಗಿ ಇಟ್ಟಿರುವ ಸೆಟ್ಟಿಂಗು ಎಲ್ಲಿದೆ ಎಂದು ಗೊತ್ತಿರಬೇಕು. ಗೊತ್ತಿಲ್ಲದ ಹುಡುಗ ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳುತ್ತಾನೆ.

ಕಾಗುಣಿತ ತಪ್ಪಿದರೆ ಕೆಂಪು ಗೆರೆ ಬರುತ್ತದೆ, ತಿದ್ದಿಕೊಳ್ಳಿ ಎಂದು ಕಲಿಸುತ್ತಾರೆ. ಭಾಷೆ ಕನ್ನಡ ಎಂದು ಯಂತ್ರಕ್ಕೆ ತಿಳಿಸದೆ ಟೈಪು ಮಾಡಿದರೆ ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬೀಳುತ್ತದೆ. ನಮ್ಮ ಮಕ್ಕಳ ಭಾಷೆಯೇ ತಪ್ಪು ಎಂದು ಯಂತ್ರ ಹೇಳಿದಂತೆ!

ಇನ್ನು ಅಣ್ಣಾವ್ರ ಹೆಸರನ್ನೇ ತೆಗೆದುಕೊಳ್ಳಿ. ಪಾಠ ಕಲಿಯದವನು ಟೈಪು ಮಾಡಿದರೆ 'ರಾಜ್ಕುಮಾರ್' ಎಂದು ಮೂಡುತ್ತದೆ. ಜ ಅಕ್ಷರದ ಕೆಳಗೆ ಕ ಒತ್ತು ಬಂದು ಕೂರುತ್ತದೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಒತ್ತಬೇಕು. 'ರ‍್ಯಾಂಕ್' ಎಂದು ಬರೆಯಲು ಇನ್ನೊಂದು ಬಗೆಯ ಕಾಣದ ಗುರುತು ಬೇಕು, ಇಲ್ಲದಿದ್ದರೆ ಅರ್ಕಾವತ್ತಾಗಿ 'ರ್ಯಾಂಕ್' ಎಂದಾಗುತ್ತದೆ. ಇದು ಇಂಗ್ಲಿಷಿನ ಯಾವ ಪಾಠದಲ್ಲಿದೆ? ಕನ್ನಡ ನಾಡಿನ ಪದವೀಧರನಿಗೆ ಡಾಕ್ಟರ್ ರಾಜ್ ಹೆಸರನ್ನು ಸರಿಯಾಗಿ ಮೂಡಿಸಲು ಬರುವುದಿಲ್ಲವೆಂದರೆ ಅದು ಆ ಹುಡುಗನ ತಪ್ಪಲ್ಲ, ಕಲಿಸದವರ ತಪ್ಪು.

ಟೈಪಿಂಗ್ ವೇಗದ ಮೋಸವನ್ನೂ ಕೇಳಿ. ನಿಮಿಷಕ್ಕೆ ಇಷ್ಟು ಪದ ಎಂದು ವೇಗ ಅಳೆಯುತ್ತಾರೆ. ಇಂಗ್ಲಿಷಿನ ಲೆಕ್ಕದಲ್ಲಿ ಐದು ಬಡಿತಕ್ಕೆ ಒಂದು ಪದ. ನಮ್ಮದು ಪದಕ್ಕೆ ಪದ ಅಂಟಿ ಬೆಳೆಯುವ ಭಾಷೆ. 'ಮಾಡಿಕೊಳ್ಳಬೇಕಾಗಿತ್ತು' ಎಂಬ ಒಂದೇ ಪದಕ್ಕೆ 19 ಬಡಿತ ಬೇಕು. ಅಂದರೆ ಇಂಗ್ಲಿಷಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಪದ! ಇಂಗ್ಲಿಷಿನ ಅಳತೆಗೋಲು ಹಿಡಿದು ಪದ ಎಣಿಸಿದರೆ ಕನ್ನಡದ ಬೆರಳಚ್ಚುಗಾರ ಯಾವಾಗಲೂ ನಿಧಾನಿಯಾಗಿಯೇ ಕಾಣುತ್ತಾನೆ.

ಎಲ್ಲಕ್ಕಿಂತ ದೊಡ್ಡದು ಹಳೆಯ ಕಡತಗಳ ಗೋಳು. ನಮ್ಮ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ಶ್ರೀಲಿಪಿ, ಆಕೃತಿ, ಹಳೆಯ ನುಡಿ, ಹಳೆಯ ಬರಹಗಳಲ್ಲಿ ಟೈಪು ಮಾಡಿದ ಪುಟಗಳಿವೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಕಡತಗಳು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಹೆಸರು ಹುಡುಕಿದರೆ ಸಿಗುವುದಿಲ್ಲ. ಅಕಾರಾದಿಯಲ್ಲಿ ಜೋಡಿಸು ಎಂದರೆ ಚೆಲ್ಲಾಪಿಲ್ಲಿ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿ ಉಳಿಸುವುದು ಕರ್ನಾಟಕದ ಕಚೇರಿಯಲ್ಲಿ ಕೂರುವ ಗುಮಾಸ್ತನಿಗೆ ಗೊತ್ತಿರಲೇಬೇಕಾದ ವಿದ್ಯೆ. ಪ್ರಾಥಮಿಕ ಕೋರ್ಸು ಎಂದರೆ ಇದು! ಇದನ್ನು ಬಿಟ್ಟು ಅಮೆರಿಕದ ಹಾಳೆಯ ಅಳತೆಯನ್ನು ಉರುಹೊಡೆಸುವುದಲ್ಲ.

ಟೈಪ್‌ರೈಟರ್ ಕಾಲದ ಕನ್ನಡ ಎಲ್ಲಿ ಹೋಯಿತು?

ಹಳಬರನ್ನು ಕೇಳಿ ನೋಡಿ. ಊರೂರಿನ ಬಸ್‌ಸ್ಟ್ಯಾಂಡಿನ ಬಳಿ, ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟು ಇರುತ್ತಿತ್ತು. ಒಂದು ಸಾಲಿನಲ್ಲಿ ಇಂಗ್ಲಿಷ್ ಯಂತ್ರಗಳು, ಇನ್ನೊಂದು ಸಾಲಿನಲ್ಲಿ ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಯಂತ್ರಗಳು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹೋಗಿ ಕಲಿಯುತ್ತಿದ್ದರು. ಕನ್ನಡ ಜೂನಿಯರ್, ಕನ್ನಡ ಸೀನಿಯರ್ ಎಂದು ಪರೀಕ್ಷಾ ಮಂಡಳಿಯ ಪರೀಕ್ಷೆಗಳೇ ಇದ್ದವು. ಆ ಸರ್ಟಿಫಿಕೇಟು ಹಿಡಿದು ಕೋರ್ಟಿನಲ್ಲಿ, ಕಂದಾಯ ಇಲಾಖೆಯಲ್ಲಿ ನೌಕರಿ ಹಿಡಿದು ಸಂಸಾರ ಸಾಕಿದ ತಾಯಂದಿರು ಎಷ್ಟು ಮಂದಿ!

ಕಬ್ಬಿಣದ ಯಂತ್ರ ಹೋಗಿ ಕಂಪ್ಯೂಟರ್ ಬಂತು. ಬರಲಿ. ಆದರೆ ಮೊದಲು ಸಮಾನವಾಗಿದ್ದ ಎರಡು ಸಾಲುಗಳಲ್ಲಿ ಕನ್ನಡದ ಸಾಲು ಮಾತ್ರ ಈ ಕೋರ್ಸುಗಳಲ್ಲಿ ಮಾಯವಾದದ್ದು ಹೇಗೆ? ತಂತ್ರಜ್ಞಾನ ಮುಂದೆ ಹೋದಂತೆ ಕನ್ನಡ ಹಿಂದೆ ಹೋಗಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಸಾಧನವಿಲ್ಲ ಎನ್ನುವವರಿಗೆ

ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ ಎಂದು ಯಾರಾದರೂ ಬಾಯಿಬಿಟ್ಟರೆ ಅವರಿಗೆ ಇದನ್ನು ಓದಿ ಹೇಳಿ.

ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಮ್ಮ ಕೆ.ಪಿ. ರಾವ್, ಕನ್ನಡಕ್ಕೆ ಒಂದು ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡ ಅಡಗಿದೆ. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಜತೆ ಒತ್ತಿದರೆ ಮಹಾಪ್ರಾಣ. ಒಂದು ಕೀಲಿ ಒತ್ತಿದರೆ ವ್ಯಂಜನ ಅರ್ಧಾಕ್ಷರವಾಗಿ ಒತ್ತಿಗೆ ಸಿದ್ಧ. 'ಕನ್ನಡ' ಎಂಬ ಪದಕ್ಕೆ ಐದೇ ಬಡಿತ! ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿರುವುದು ಈ ವಿನ್ಯಾಸವೇ, ಸರ್ಕಾರ ಒಪ್ಪಿಕೊಂಡಿರುವುದೂ ಇದನ್ನೇ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದು ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಕಿವಿ ಹಿಂಡಿದರು.

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಿಂದ ಕನ್ನಡ ಕಂಪ್ಯೂಟರಿನ ಒಳಗೇ ಬಂದು ಕೂತಿದೆ, ಹೊರಗಿನಿಂದ ತರಬೇಕಾಗಿಲ್ಲ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶವಿದೆ, ಅದರ ಪಟ್ಟಿಗಳನ್ನೂ ಕನ್ನಡದಲ್ಲೇ ಓದಬಹುದು. ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ದೊಡ್ಡ ಉದಾಹರಣೆ. 'ಭೂಮಿ' ಯೋಜನೆಯಲ್ಲಿ ಇದೇ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಅದೂ ಕನ್ನಡದಲ್ಲಿ. ಶ್ಯಾನುಭೋಗರ ಕಾಲದಿಂದ ಕೈಬರಹದಲ್ಲಿ ಬಂದ ರೈತರ ಹೆಸರು, ಸರ್ವೆ ನಂಬರು, ಬೆಳೆ, ಸಾಲ ಎಲ್ಲವೂ ಕನ್ನಡ ಅಕ್ಷರಗಳಲ್ಲಿ ಮೂಡಿ ಬಂದವು. ಎರಡು ಕೋಟಿ ಪಹಣಿ ಟೈಪು ಮಾಡಿದ ನಾಡಿನಲ್ಲಿ ಕಾಲೇಜಿನವರಿಗೆ ಒಂದು ರಜಾ ಅರ್ಜಿಯನ್ನು ಕನ್ನಡದಲ್ಲಿ ಕಲಿಸಲಾಗುವುದಿಲ್ಲವೆ? ಇರುವ ಕೊರತೆ ಸಾಧನದ್ದಲ್ಲ, ಸ್ವಾಭಿಮಾನದ್ದು!

ನೆಪಗಳ ಪಟ್ಟಿ, ಅದಕ್ಕೆ ಉತ್ತರ

"ಇಂಗ್ಲಿಷ್ ಬಂದರೆ ತಾನೇ ಕಂಪನಿಯಲ್ಲಿ ಕೆಲಸ?" ಎನ್ನುತ್ತಾರೆ. ಇಂಗ್ಲಿಷ್ ಕಲಿಸಬೇಡಿ ಎಂದವರು ಯಾರು? ಅದನ್ನೂ ಕಲಿಸಿ, ಚೆನ್ನಾಗಿ ಕಲಿಸಿ. ನಾವು ಕೇಳುತ್ತಿರುವುದು ಕನ್ನಡವನ್ನೂ ಕಲಿಸಿ ಎಂದು. ಅಷ್ಟಕ್ಕೂ ಈ ಹತ್ತಾರು ತಾಸಿನ ಕೋರ್ಸು ಮಾಡಿದವರೆಲ್ಲ ವೈಟ್‌ಫೀಲ್ಡಿನ ಕಂಪನಿಗೆ ಹೋಗುತ್ತಾರೆಯೆ? ಅವರು ಹೋಗುವುದು ಪಂಚಾಯಿತಿಗೆ, ಹಾಲಿನ ಡೇರಿಗೆ, ಸಹಕಾರ ಸಂಘಕ್ಕೆ, ಶಾಲೆಯ ಆಫೀಸಿಗೆ, ಡಿಟಿಪಿ ಅಂಗಡಿಗೆ. ಅಲ್ಲಿ ಮೊದಲ ದಿನವೇ ಕೇಳುವುದು, "ಕನ್ನಡ ಟೈಪಿಂಗ್ ಬರುತ್ತೇನಮ್ಮಾ?" ಎಂದು. ಸರ್ಟಿಫಿಕೇಟು ಚೀಲದಲ್ಲಿರುತ್ತದೆ, ಉತ್ತರ ಮಾತ್ರ ಇಲ್ಲ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ ಎಂದು 2012ರಲ್ಲೇ ನಿಯಮ ಬಂದಿದೆ. ಸಾಕ್ಷರತೆ ಎಂಬ ಪದದೊಳಗೆ ಅಕ್ಷರವಿದೆ. ಆ ಅಕ್ಷರ ಯಾವುದು ಎಂದು ಕಾಲೇಜುಗಳು ಯೋಚಿಸಲಿ.

"ಈಗ ಮೊಬೈಲಿಗೆ ಮಾತಾಡಿದರೆ ಸಾಕು, ಅದೇ ಟೈಪು ಮಾಡುತ್ತದೆ" ಎನ್ನುವುದು ಇನ್ನೊಂದು ನೆಪ. ಹೌದು, ಗೂಗಲ್ಲಿನ ಧ್ವನಿ ಟೈಪಿಂಗಿಗೆ 2017ರಲ್ಲಿ ಕನ್ನಡ ಸೇರಿತು. ಒಳ್ಳೆಯದೇ. ಆದರೆ ಹತ್ತು ಜನ ಕೂತ ಕಚೇರಿಯಲ್ಲಿ ಗುಟ್ಟಿನ ಕಡತವನ್ನು ಗಟ್ಟಿಯಾಗಿ ಓದಿ ಟೈಪಿಸುತ್ತೀರಾ? ಯಂತ್ರ ತಪ್ಪಾಗಿ ಕೇಳಿಸಿಕೊಂಡ ಹೆಸರನ್ನು ತಿದ್ದಲು ಬೆರಳು ಬೇಡವೆ? ಪಹಣಿಯಲ್ಲಿ, ಕ್ರಯಪತ್ರದಲ್ಲಿ ಒಂದಕ್ಷರ ತಪ್ಪಿದರೆ ರೈತ ವರ್ಷಗಟ್ಟಲೆ ಕಚೇರಿ ಅಲೆಯಬೇಕು. ಅಲ್ಲಿ 'ಹೆಚ್ಚುಕಡಿಮೆ ಸರಿ' ನಡೆಯುವುದಿಲ್ಲ.

ಮೂರನೆಯ ನೆಪ ಇನ್ನೂ ಅಪಾಯದ್ದು. "ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಅದೇ ಕನ್ನಡವಾಗುತ್ತದಲ್ಲ" ಎನ್ನುವುದು. ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡೆದು, ಯಂತ್ರ ತೋರಿಸಿದ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಈ ಚಾಳಿಯಿಂದ ಏನಾಗುತ್ತಿದೆ ಗೊತ್ತೆ? ನ ಮತ್ತು ಣ, ಲ ಮತ್ತು ಳ, ಹ್ರಸ್ವ ದೀರ್ಘಗಳ ವಿವೇಚನೆಯನ್ನು ಯಂತ್ರಕ್ಕೆ ಒಪ್ಪಿಸಿ ನಮ್ಮ ಮಕ್ಕಳು ಕೈಕಟ್ಟಿ ಕೂತಿದ್ದಾರೆ. ಯಂತ್ರ 'ಹಳ್ಳಿ' ತೋರಿಸಿದರೆ ಹಳ್ಳಿ, 'ಹಲ್ಲಿ' ತೋರಿಸಿದರೆ ಹಲ್ಲಿ! ಮನೆಯಲ್ಲಿ ಗೆಳೆಯರಿಗೆ ಬರೆಯಲು ಅದು ಸಾಕು, ಬೇಡವೆನ್ನುವುದಿಲ್ಲ. ಕಾಲೇಜು ಸರ್ಟಿಫಿಕೇಟು ಕೊಡುವ ವಿದ್ಯೆ ಅದಲ್ಲ. ಕನ್ನಡವನ್ನು ಕನ್ನಡದ ಕೀಲಿಮಣೆಯಲ್ಲಿ ನೇರವಾಗಿ ಬಡಿಯುವುದನ್ನು ಕಲಿಸಬೇಕು.

ನಾಲ್ಕನೆಯದು, "ಮಕ್ಕಳು ಕೇಳುವುದಿಲ್ಲ." ಅವರ ಮುಂದೆ ಇಟ್ಟೇ ಇಲ್ಲದ ಎಲೆಯಲ್ಲಿ ಅವರು ಊಟ ಕೇಳುವುದು ಹೇಗೆ?

ನೆರೆಯವರನ್ನು ನೋಡಿಯಾದರೂ ಕಲಿಯಿರಿ

ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರದ ಜತೆ ನಮಗೆ ಜಗಳವಿದೆ, ಅದು ಬೇರೆ. ಆದರೆ ಕಲಿಯಬೇಕಾದದ್ದನ್ನು ವೈರಿಯಿಂದಲೂ ಕಲಿಯಬೇಕು. ಅವರು 2001ರಲ್ಲೇ ಎಂ.ಎಸ್.-ಸಿ.ಐ.ಟಿ. ಎಂಬ ಕಂಪ್ಯೂಟರ್ ಕೋರ್ಸು ಶುರುಮಾಡಿ ಊರೂರಿಗೆ ಒಯ್ದರು. ಅದನ್ನು ಮರಾಠಿಯಲ್ಲೂ ಕಲಿಯಬಹುದು. ಟೈಪ್‌ರೈಟರ್ ಪರೀಕ್ಷೆಗಳನ್ನು ಕಂಪ್ಯೂಟರಿಗೆ ಬದಲಾಯಿಸಿದಾಗ ಮರಾಠಿ ಟೈಪಿಂಗ್ ಪರೀಕ್ಷೆಯನ್ನು ಕೈಬಿಡಲಿಲ್ಲ, ಅದನ್ನೂ ಕಂಪ್ಯೂಟರಿಗೆ ಹೊತ್ತುಕೊಂಡು ಹೋದರು. ತಮಿಳುನಾಡು 1999ರಲ್ಲೇ 'ತಮಿಳ್99' ಎಂಬ ಕೀಲಿಮಣೆಯನ್ನು ತನ್ನದೆಂದು ಸಾರಿತು. ಅವರಿಗೆ ತಮ್ಮ ಭಾಷೆ ಹೊರೆಯಲ್ಲ. ನಮ್ಮ ಕಾಲೇಜುಗಳಿಗೆ ಮಾತ್ರ ಕನ್ನಡ ಎಂದರೆ ನವೆಂಬರ್ ಒಂದರ ಬಾವುಟ, ಒಂದು ಭಾಷಣ, ಒಂದು ಸಿಹಿ ಪೊಟ್ಟಣ. ಎರಡನೇ ತಾರೀಖಿಗೆ ಮತ್ತೆ ಇಂಗ್ಲಿಷ್.

ನಮ್ಮ ಹಕ್ಕೊತ್ತಾಯಗಳು

'ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022' ಎಂಬ ಕಾನೂನು ನಮ್ಮ ಕೈಯಲ್ಲಿದೆ. ಅದು ಕಪಾಟಿನಲ್ಲಿ ಧೂಳು ತಿನ್ನಲು ಮಾಡಿದ್ದಲ್ಲ. ಉನ್ನತ ಶಿಕ್ಷಣ ಇಲಾಖೆಗೆ, ವಿಶ್ವವಿದ್ಯಾಲಯಗಳಿಗೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ನಾವು ಕೇಳುವುದು ಇಷ್ಟು:

ಒಂದು: ಕರ್ನಾಟಕದ ಯಾವ ಕಾಲೇಜೂ, ಆನ್‌ಲೈನಾಗಲಿ ತರಗತಿಯಲ್ಲಾಗಲಿ, ಕನ್ನಡದಲ್ಲಿ ಒಂದು ಪೂರ್ಣ ಪತ್ರ ಟೈಪಿಸುವ ಪರೀಕ್ಷೆಯಿಲ್ಲದೆ ವರ್ಡ್ ಪ್ರೊಸೆಸಿಂಗ್ ಸರ್ಟಿಫಿಕೇಟು ಕೊಡಕೂಡದು. ಕನ್ನಡ ತಾಯ್ನುಡಿಯಲ್ಲದವರಿಗೆ ಸುಲಭವಾದ ಒಂದು ಪುಟ ಸಾಕು.

ಎರಡು: ಇಂಥ ಕೋರ್ಸಿನ ಅರ್ಧ ತಾಸುಗಳು ಕನ್ನಡದ ಕೀಲಿಮಣೆ, ಒತ್ತಕ್ಷರ, ಯೂನಿಕೋಡ್, ಹಳೆಯ ಕಡತಗಳ ಪರಿವರ್ತನೆ, ಅಕಾರಾದಿ ಜೋಡಣೆಗೆ ಮೀಸಲಾಗಬೇಕು.

ಮೂರು: ಪಾಠದ ವಿವರಣೆ ಕನ್ನಡದಲ್ಲಿರಬೇಕು. ಗುಂಡಿಗಳ ಹೆಸರು ಇಂಗ್ಲಿಷಿನಲ್ಲಿದ್ದರೂ ಅರ್ಥ ಹೇಳುವ ಮಾತು ಕನ್ನಡವಾಗಿರಲಿ.

ನಾಲ್ಕು: ಕನ್ನಡದ ಟೈಪಿಂಗ್ ವೇಗವನ್ನು ಇಂಗ್ಲಿಷಿನ ಪದಗಳ ಲೆಕ್ಕದಲ್ಲಿ ಅಳೆಯದೆ ಬಡಿತಗಳ ಲೆಕ್ಕದಲ್ಲಿ ಅಳೆಯಬೇಕು.

ಐದು: ಪಾಠ ಹೇಳುವ ಅಧ್ಯಾಪಕರು ಮೊದಲು ತಾವು ಕನ್ನಡ ಟೈಪಿಂಗ್ ಕಲಿತಿರಬೇಕು. ಇದು ಅವಮಾನವಲ್ಲ, ಅರ್ಹತೆ.

ಸರ್ಕಾರ ಮಾಡುವ ತನಕ ಕಾದು ಕೂರಬೇಡಿ. ನಿಮ್ಮ ಮನೆಯ ಹುಡುಗ ಹುಡುಗಿ ಇಂಥ ಕೋರ್ಸಿಗೆ ಹಣ ಕಟ್ಟುವ ಮೊದಲು ಕಾಲೇಜಿಗೆ ಒಂದೇ ಪ್ರಶ್ನೆ ಕೇಳಿ: "ಇದನ್ನು ಮುಗಿಸಿದ ಮೇಲೆ ನಮ್ಮ ಮಗು ತಹಶೀಲ್ದಾರರಿಗೆ ಕನ್ನಡದಲ್ಲಿ ಒಂದು ಅರ್ಜಿ ಟೈಪು ಮಾಡಬಲ್ಲದೆ?" ಹೌದು ಎಂದರೆ ಹಣ ಕಟ್ಟಿ. ಇಲ್ಲ ಎಂದರೆ ಎದ್ದು ಬನ್ನಿ, ಬರುವಾಗ ಪ್ರಾಂಶುಪಾಲರಿಗೆ ಕನ್ನಡದಲ್ಲೇ ಒಂದು ಮನವಿಪತ್ರ ಕೊಟ್ಟು ಬನ್ನಿ. ಟೈಪು ಮಾಡಲು ಬಾರದಿದ್ದರೆ ಕೈಯಲ್ಲಿ ಬರೆದು ಕೊಡಿ. ಅದರ ಒಂದು ಪ್ರತಿಯನ್ನು ನಮ್ಮ ಶಾಖೆಗಳಿಗೆ ತಲುಪಿಸಿ. ನೂರು ಕಾಲೇಜುಗಳಿಗೆ ನೂರು ಮನವಿ ಹೋಗಲಿ, ಆಮೇಲೆ ಉತ್ತರ ಹೇಗೆ ಬರುವುದಿಲ್ಲವೋ ನೋಡೋಣ.

ಗೋಕಾಕ್ ಚಳವಳಿಯ ದಿನಗಳಲ್ಲಿ, 1982ರಲ್ಲಿ, ನಾವು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದೆವು. ಇಂದು ಕೀಲಿಮಣೆಯ ಮೇಲೆ ಬರೀ ಸ್ಥಾನ ಕೇಳುತ್ತಿದ್ದೇವೆ. ಅದನ್ನೂ ಕೊಡದವರ ಸರ್ಟಿಫಿಕೇಟು ನಮಗೆ ಬೇಡ!